ರೇಟು ಚಿಕ್ಕಪ್ಪನದು, ಚೀಟಿ ಮಷೀನಿನದು

ಕೊಡಗಿನ ಗೋಣಿಕೊಪ್ಪದಲ್ಲಿ ನಮ್ಮ ಮನೆಯವರದು ಕಾಫಿ ಕೊಳ್ಳುವ ವ್ಯಾಪಾರ. ಪೊನ್ನಂಪೇಟೆ, ಶ್ರೀಮಂಗಲ, ತಿತಿಮತಿ ಕಡೆಯ ಸಣ್ಣ ಬೆಳೆಗಾರರು ರೋಬಸ್ಟಾ ಚೆರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು, ತರುತ್ತಾರೆ. ಕೆಲವರ ತೋಟಕ್ಕೆ ನಮ್ಮ ಪಿಕಪ್ಪೇ ಹೋಗುತ್ತದೆ. ರೇಟು, ವ್ಯವಹಾರ ಚಿಕ್ಕಪ್ಪನದು. ಲೆಕ್ಕ ಮತ್ತು ಕಂಪ್ಯೂಟರ್ ನನ್ನದು. ಈ ವ್ಯಾಪಾರದ ಚೀಟಿ, ಬಿಲ್ಲು, ಪೇಮೆಂಟುಗಳನ್ನು ನಾವೇ ಕೂತು ಆಟೊಮೇಷನ್‌ಗೆ ಹಾಕಿದ್ದು ಹೇಗೆ ಅಂತ ಕೇಳುವವರು ಜಾಸ್ತಿಯಾಗಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಕೆಲಸ ಏನು ಅಂತ ಹೇಳಿಬಿಡುತ್ತೇನೆ. ಲೋಡು ಬಂದರೆ ಕಾಟಾದಲ್ಲಿ ತೂಕ. ಆಮೇಲೆ ಮೂಟೆಗಳಿಂದ ಸ್ಯಾಂಪಲ್ ತೆಗೆದು ತೇವಾಂಶ ನೋಡುವುದು. ನಂತರ ಔಟ್‌ಟರ್ನ್, ಅಂದರೆ ನಾವು ದಿನಾ ಹೇಳುವ ಓಟಿ. ಒಂದು ಕಿಲೋ ಚೆರಿಯ ಸಿಪ್ಪೆ ತೆಗೆದಾಗ 540 ಗ್ರಾಂ ಬೀಜ ಬಂತು ಅನ್ನಿ. 50 ಕಿಲೋ ಮೂಟೆಗೆ 27 ಕಿಲೋ ಆಯಿತು, ಓಟಿ 27. ಆ ದಿನದ ಓಟಿ ರೇಟು, ಅಂದರೆ ಒಂದು ಓಟಿಗೆ ಕೊಡುವ ದುಡ್ಡು, 300 ಅಂತ ಇಟ್ಟುಕೊಂಡರೆ ಮೂಟೆಗೆ 8,100 ರೂಪಾಯಿ. ಚಿಕ್ಕಪ್ಪ ಒಪ್ಪಿದ ಮೇಲೆ ಬಿಲ್ಲು, ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಗೆ ಎಂಟ್ರಿ, ಕೊನೆಗೆ ಬ್ಯಾಂಕ್.

ಇದೆಲ್ಲ ಕಾರ್ಬನ್ ಹಾಕಿ ಬರೆದ ಚೀಟಿಯ ಮೇಲೆ ನಡೆಯುತ್ತಿತ್ತು. ಜನವರಿಯಿಂದ ಮಾರ್ಚ್ ತನಕ, ರೋಬಸ್ಟಾ ಸೀಸನ್‌ನಲ್ಲಿ, ಮೇಜಿನ ಮೇಲೆ ಚೀಟಿಯ ರಾಶಿ. "ನನ್ನ ಬಿಲ್ ಏನಾಯ್ತು ಮಾರಾಯ?" ಅಂತ ಫೋನ್ ಮೇಲೆ ಫೋನ್.

ಯಾವ ಸಾಫ್ಟ್‌ವೇರನ್ನೂ ಮುಟ್ಟುವ ಮುಂಚೆ ಒಂದು ಕೆಲಸ ಮಾಡಿದೆ. ಚೀಟಿ ಯಾರ ಕೈಗೆ ಬಂದರೂ ಹಿಂಬದಿಯಲ್ಲಿ ಗಂಟೆ ಬರೆಯಿರಿ ಅಂದೆ. ಎಲ್ಲರೂ ನಕ್ಕರು, ಆದರೆ ಬರೆದರು. ನೋಡಿದರೆ ತೂಕಕ್ಕಾಗಲೀ ಸ್ಯಾಂಪಲ್‌ಗಾಗಲೀ ಹೊತ್ತು ಹಿಡಿಯುತ್ತಲೇ ಇರಲಿಲ್ಲ. ಚೀಟಿ ಒಬ್ಬರ ಮೇಜಿನಿಂದ ಇನ್ನೊಬ್ಬರ ಮೇಜಿಗೆ ಹೋಗುವುದಕ್ಕೇ ಹೊತ್ತು. ಚಿಕ್ಕಪ್ಪ ವಿರಾಜಪೇಟೆಗೆ ಹೋದರೆ ಸಂಜೆ ತನಕ ಅದು ಅಲ್ಲೇ ಕೂತಿರುತ್ತಿತ್ತು. ಇಂಥ ಕೆಲಸದ ಹಾದಿಯನ್ನು ಚಿತ್ರವಾಗಿ ಬರೆಯಲು ಬಿಪಿಎಂಎನ್ ಅಂತ ಒಂದು ಪದ್ಧತಿ ಇದೆ, ಐಎಸ್‌ಒ ಸ್ಟ್ಯಾಂಡರ್ಡ್ ಕೂಡ ಆಗಿದೆ. ಅದರ ಗುರುತುಗಳನ್ನೆಲ್ಲ ಕಲಿಯಲು ಹೋಗಲಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಅಡ್ಡ ಸಾಲು ಎಳೆದು, ಚೀಟಿ ಯಾವ ಸಾಲಿನಿಂದ ಯಾವ ಸಾಲಿಗೆ ಹಾರುತ್ತದೆ ಅಂತ ಬರೆಯುವ ಉಪಾಯವನ್ನು ಮಾತ್ರ ತೆಗೆದುಕೊಂಡೆ. ಎಲ್ಲೆಲ್ಲಿ ಸಾಲು ದಾಟುತ್ತದೋ ಅಲ್ಲಷ್ಟೇ ಆಟೊಮೇಷನ್ ಬೇಕು ಅಂತ ತೀರ್ಮಾನಿಸಿದೆವು.

ಆಮೇಲೆ ಯಾವ ಪ್ಲಾಟ್‌ಫಾರ್ಮ್, ಅಂದರೆ ಒಂದು ಸಾಫ್ಟ್‌ವೇರಿನಿಂದ ಇನ್ನೊಂದಕ್ಕೆ ಮಾಹಿತಿಯನ್ನು ತಾನಾಗಿ ದಾಟಿಸುವ ಟೂಲ್ ಯಾವುದು ಅನ್ನುವ ಪ್ರಶ್ನೆ. ಝೇಪಿಯರ್, ಮೇಕ್, ಮೈಕ್ರೋಸಾಫ್ಟ್‌ನ ಪವರ್ ಆಟೊಮೇಟ್ ಎಲ್ಲವನ್ನೂ ನೋಡಿದೆ. ಕೆಟ್ಟವು ಅಂತ ಹೇಳುವುದಿಲ್ಲ. ಆನ್‌ಲೈನ್ ಆ್ಯಪ್‌ಗಳಲ್ಲೇ ಎಲ್ಲ ಕೆಲಸ ಮುಗಿಯುವವರಿಗೆ ಝೇಪಿಯರ್‌ನಷ್ಟು ಸುಲಭದ್ದು ಇಲ್ಲ. ಆದರೆ ಅದು ಲೆಕ್ಕ ಹಾಕುವುದು ಟಾಸ್ಕ್ ಮೇಲೆ. ನಮ್ಮ ಒಂದು ಚೀಟಿ ಹಲವು ಹೆಜ್ಜೆ ನಡೆಯುತ್ತದೆ, ಹೆಜ್ಜೆಹೆಜ್ಜೆಗೂ ಮೀಟರ್ ಓಡುತ್ತದೆ. ಅದಕ್ಕಿಂತ ದೊಡ್ಡ ತೊಡಕು ಟ್ಯಾಲಿಯದು. ನಮ್ಮ ಟ್ಯಾಲಿ ಇರುವುದು ಆಫೀಸಿನ ಪಿಸಿಯಲ್ಲಿ. ಕ್ಲೌಡ್‌ನಲ್ಲಿ ಕೂತಿರುವ ಸಾಫ್ಟ್‌ವೇರಿಗೆ ಅದು ನೇರವಾಗಿ ಕಾಣುವುದೇ ಇಲ್ಲ. ಇಡೀ ಕಂಪನಿಯ ಲೆಕ್ಕ, ಸ್ಟಾಕ್ ಎಲ್ಲ ಒಂದೇ ಕಡೆ ನೋಡಿಕೊಳ್ಳುವ ಇಆರ್‌ಪಿನೆಕ್ಸ್ಟ್ ಹಾಕಿ ಅಂತ ಒಬ್ಬರು ಹೇಳಿದರು. ಕ್ಯೂರಿಂಗ್ ವರ್ಕ್ಸ್ (ಕಾಫಿ ಸಂಸ್ಕರಿಸುವ ಕಾರ್ಖಾನೆ) ನಡೆಸುವವರಿಗೆ ಸರಿ, ನಮ್ಮ ಅಂಗಡಿಗೆ ಅದು ಜಾಸ್ತಿಯಾಯಿತು.

ಕೊನೆಗೆ ಆರಿಸಿಕೊಂಡದ್ದು ಎನ್‌ಏಟ್‌ಎನ್ (n8n). ಬರ್ಲಿನ್‌ನವರದು, 2019ರಲ್ಲಿ ಹೊರಬಂದದ್ದು. ಸ್ವಂತ ಕಂಪ್ಯೂಟರಿನಲ್ಲಿ ಹಾಕಿಕೊಂಡು ಸ್ವಂತ ವ್ಯಾಪಾರಕ್ಕೆ ಬಳಸಿದರೆ ದುಡ್ಡು ಕೊಡಬೇಕಾಗಿಲ್ಲ. ಅದನ್ನೇ ನಾವು ಬೇರೆಯವರಿಗೆ ಮಾರುವ ಹಾಗಿಲ್ಲ, ಅಷ್ಟೇ. ಹಳೇ ಪಿಸಿಯಲ್ಲಿ ಡಾಕರ್ (ಸಾಫ್ಟ್‌ವೇರನ್ನು ಬೇರೆ ಡಬ್ಬಿಯಲ್ಲಿಟ್ಟ ಹಾಗೆ ಓಡಿಸುವ ಟೂಲ್) ಹಾಕಿ ಅದರೊಳಗೆ ಓಡಿಸಿದೆ. ಆಫೀಸಿನ ನೆಟ್‌ವರ್ಕ್ ಒಳಗೇ ಇರುವುದರಿಂದ ಟ್ಯಾಲಿ ಸಿಗುತ್ತದೆ. ಟ್ಯಾಲಿಪ್ರೈಮ್‌ನಲ್ಲಿ ಹೊರಗಿನ ಸಾಫ್ಟ್‌ವೇರಿಗೆ ಅನುಮತಿ ಕೊಟ್ಟರೆ ಸಾಮಾನ್ಯವಾಗಿ 9000ನೇ ಪೋರ್ಟ್‌ನಲ್ಲಿ ಎಕ್ಸ್‌ಎಂಎಲ್ (ಸಾಫ್ಟ್‌ವೇರುಗಳು ಮಾಹಿತಿ ಬದಲಾಯಿಸಿಕೊಳ್ಳುವ ಒಂದು ಬರಹ ರೂಪ) ತೆಗೆದುಕೊಳ್ಳುತ್ತದೆ. ಖರೀದಿ ವೋಚರನ್ನು ಆ ರೂಪದಲ್ಲಿ ಕಳಿಸಿದರೆ ಎಂಟ್ರಿ ತಾನೇ ಕೂರುತ್ತದೆ.

ಇನ್ನು ಕಾಟಾದ ಹತ್ತಿರ. ತಗಡಿನ ಸೂರು, ಕಲ್ಲಿನ ಗೋಡೆ, ಗೋಡೌನ್ ಒಳಗೆ ನೆಟ್‌ವರ್ಕ್ ಅನ್ನುವುದು ಕನಸು. ಶ್ರೀಮಂಗಲದಿಂದ ಆಚೆ ತೋಟಗಳಿಗೆ ಹೋದರೆ ಕೇಳುವುದೇ ಬೇಡ. ಗೂಗಲ್ ಫಾರ್ಮ್ ಇಲ್ಲಿ ನಡೆಯುವುದಿಲ್ಲ, ಅದಕ್ಕೆ ನೆಟ್ ಬೇಕೇ ಬೇಕು. ಹಾಗಾಗಿ ಆ್ಯಪ್‌ಶೀಟ್. ನೆಟ್ ಇಲ್ಲದಿದ್ದರೂ ಫೋನಿನಲ್ಲಿ ತುಂಬಿಸಿ ಇಟ್ಟುಕೊಳ್ಳುತ್ತದೆ, ಸಿಗ್ನಲ್ ಸಿಕ್ಕಾಗ ಗೂಗಲ್ ಶೀಟಿಗೆ ಕಳಿಸುತ್ತದೆ. ತಿತಿಮತಿ ಕಡೆ ಹೋದ ಪಿಕಪ್ ಆನೆಗೆ ಹೆದರಿ ಕತ್ತಲಾಗುವ ಮುಂಚೆ ಹೊರಟುಬಿಡುತ್ತದೆ. ಅದು ಗೋಣಿಕೊಪ್ಪ ತಲುಪುವಷ್ಟರಲ್ಲಿ ಆ ದಿನದ ಚೀಟಿಗಳೆಲ್ಲ ಶೀಟಿನಲ್ಲಿ ಇರುತ್ತವೆ. ಆ್ಯಪ್‌ನ ಬಟನ್, ಕಾಲಂ ಎಲ್ಲ ಕನ್ನಡದಲ್ಲೇ ಹಾಕಿದೆವು. ತೂಕದವರು ಕಾಟಾದ ಡಿಸ್‌ಪ್ಲೇ ಫೋಟೊ ತೆಗೆಯದೆ ಮುಂದಕ್ಕೆ ಹೋಗುವ ಹಾಗಿಲ್ಲ. ತಕರಾರು ಬಂದಾಗ ಆ ಫೋಟೊ ತೋರಿಸಿದರೆ ಮಾತು ಮುಗಿಯಿತು.

ಹೆಸರಿನದು ಬೇರೆಯೇ ಕತೆ. ಕೊಡಗಿನಲ್ಲಿ ಒಂದೇ ಮನೆ ಹೆಸರು, ಒಂದೇ ಹೆಸರು ಇರುವ ಇಬ್ಬರು ಮೂವರು ಬೆಳೆಗಾರರು ಸಿಗುವುದು ಮಾಮೂಲಿ. ಇಂಗ್ಲಿಷಿನಲ್ಲಿ ಬರೆದರಂತೂ ಪೂವಯ್ಯನವರ ಸ್ಪೆಲ್ಲಿಂಗ್ ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಥರ. ಮನುಷ್ಯರಿಗೆ ಇದು ಕಷ್ಟವೇ ಅಲ್ಲ, ಮುಖ ನೋಡಿದರೆ ಗೊತ್ತಾಗುತ್ತದೆ. ಮಷೀನಿಗೆ ಮುಖ ಗೊತ್ತಿಲ್ಲ. ಫೋನ್ ನಂಬರನ್ನೇ ಗುರುತು ಮಾಡಿಕೊಳ್ಳೋಣ ಅಂದರೆ ಅಣ್ಣ ತಮ್ಮಂದಿರ ಬಿಲ್ಲಿಗೆಲ್ಲ ಒಂದೇ ನಂಬರ್ ಕೊಟ್ಟಿರುತ್ತಾರೆ. ಹಾಗಾಗಿ ಪ್ರತಿಯೊಬ್ಬರಿಗೂ ನಮ್ಮದೇ ಕೋಡ್ ಕೊಟ್ಟು, ಅದಕ್ಕೇ ಟ್ಯಾಲಿ ಲೆಡ್ಜರನ್ನೂ ಬ್ಯಾಂಕ್ ಖಾತೆಯನ್ನೂ ಜೋಡಿಸಿದೆವು. ಇಡೀ ಕೆಲಸದಲ್ಲಿ ಬೇಜಾರಿನ ಭಾಗ ಇದೇ. ಇದನ್ನು ಬಿಟ್ಟು ಮುಂದಕ್ಕೆ ಹೋಗಬೇಡಿ, ಬೇರೆಯವರ ಖಾತೆಗೆ ದುಡ್ಡು ಹೋದೀತು.

ಎರಡನೇ ಎಚ್ಚರ, ಡಬಲ್ ಎಂಟ್ರಿ. ಟ್ಯಾಲಿ ಪಿಸಿ ಆಫ್ ಆಗಿದ್ದರೆ ಎನ್‌ಏಟ್‌ಎನ್ ಮತ್ತೆ ಮತ್ತೆ ಕಳಿಸಲು ನೋಡುತ್ತದೆ. ವೋಚರ್ ಕೂತು, ಉತ್ತರ ಬರುವ ಮೊದಲೇ ಕರೆಂಟ್ ಹೋದರೆ? ಎದ್ದ ಮೇಲೆ ಅದೇ ಬಿಲ್ಲನ್ನು ಇನ್ನೊಮ್ಮೆ ಕಳಿಸುತ್ತದೆ. ಅದಕ್ಕೆ ಚೀಟಿ ನಂಬರನ್ನೇ ವೋಚರ್ ನಂಬರ್ ಮಾಡಿ, ಕಳಿಸುವ ಮುಂಚೆ ಆ ನಂಬರ್ ಟ್ಯಾಲಿಯಲ್ಲಿ ಇದೆಯಾ ಅಂತ ಕೇಳುವ ಒಂದು ಹೆಜ್ಜೆ ಇಟ್ಟೆ. ಇದ್ದರೆ ಶೀಟಿನಲ್ಲಿ "ಟ್ಯಾಲಿಗೆ ಹೋಗಿದೆ" ಅನ್ನುವ ಕಾಲಂ ತುಂಬಿ ಸುಮ್ಮನಾಗುತ್ತದೆ.

ರೇಟಿನ ವಿಷಯದಲ್ಲಿ ಚಿಕ್ಕಪ್ಪನಿಗೂ ನನಗೂ ಸ್ವಲ್ಪ ಜಗ್ಗಾಟ ಆಯಿತು. ತೇವಾಂಶ ಶೇಕಡಾ 11 ದಾಟಿದರೆ ಕಡಿತ ತಾನಾಗಿಯೇ ಬೀಳಲಿ ಅಂತ ನನ್ನ ಆಸೆ. ಅವರು ಒಪ್ಪಲಿಲ್ಲ. "ಆ ಮನೆಯ ಕಣ ನಂಗೊತ್ತು. ಎರಡು ದಿನ ಬಿಸಿಲಿಗೆ ಹಾಕಿದ್ರೆ ಸರಿಹೋಗುತ್ತೆ. ವಾಪಸ್ ಕಳ್ಸು, ಕಡಿತ ಹಾಕ್ಬೇಡ" ಅಂದರು. ಈಗ 11 ದಾಟಿದ ಚೀಟಿ ಮುಂದಕ್ಕೆ ಹೋಗದೆ ಅವರ ಫೋನಿಗೆ ಬರುತ್ತದೆ. ಕಡಿತ, ವಾಪಸ್, ಇರಲಿ ಬಿಡು, ಹೀಗೆ ಮೂರು ಬಟನ್. ಓಟಿ ರೇಟನ್ನೂ ಬೆಳಿಗ್ಗೆ ಅವರೇ ಹಾಕುತ್ತಾರೆ. ಅವರು ಹೇಳಿದ್ದೇ ಸರಿ ಅಂತ ನನಗೂ ಅನ್ನಿಸಿದೆ. ಬೆಳೆಗಾರರು ನಮ್ಮಲ್ಲಿಗೆ ಬರುವುದೇ ಆ ಮೂರು ಬಟನ್‌ಗಳಿಗಾಗಿ ಅಲ್ವಾ?

ಒಪ್ಪಿಗೆ ಸಿಕ್ಕ ಮೇಲೆ ಬೆಳೆಗಾರರಿಗೆ ವಾಟ್ಸಾಪ್ ಹೋಗುತ್ತದೆ. ಇದಕ್ಕೆ ಬೇರೆ ಸಿಮ್ ತೆಗೆದುಕೊಂಡು ಸಾಫ್ಟ್‌ವೇರಿನಿಂದ ಮೆಸೇಜ್ ಕಳಿಸಲು ವಾಟ್ಸಾಪ್‌ನವರೇ ಕೊಟ್ಟಿರುವ ಅಧಿಕೃತ ಬಿಸಿನೆಸ್ ಎಪಿಐ ಹಾದಿಯಲ್ಲೇ ಹೋದೆವು. ಅಡ್ಡದಾರಿಯ ಟೂಲ್‌ಗಳಿವೆ, ನಂಬರ್ ಬ್ಯಾನ್ ಆದರೆ ಸೀಸನ್ ಮಧ್ಯೆ ಯಾರನ್ನು ಕೇಳುವುದು? ನಾವಾಗಿ ಕಳಿಸುವ ಮೆಸೇಜಿಗೆ ಮೊದಲೇ ಟೆಂಪ್ಲೇಟ್ ಒಪ್ಪಿಸಿಕೊಳ್ಳಬೇಕು, ಕನ್ನಡದಲ್ಲೂ ಆಗುತ್ತದೆ. ಬದಲಾಗುವ ಪದ ಮೆಸೇಜಿನ ಮೊದಲಿಗೂ ಇರಬಾರದು, ಕೊನೆಗೂ ಇರಬಾರದು. ಹಾಗಾಗಿ ಹೆಸರಿನಿಂದ ಶುರು ಮಾಡದೆ "ನಮಸ್ಕಾರ" ಅಂತ ಶುರು ಮಾಡಿದ್ದೇವೆ. ಮೂಟೆ, ತೂಕ, ತೇವಾಂಶ, ಓಟಿ, ರೇಟು, ಒಟ್ಟು ಮೊತ್ತ ಅಷ್ಟೂ ಅದರಲ್ಲಿ ಇರುತ್ತದೆ. ಬಿಲ್ ಕೇಳುವ ಫೋನ್ ಮುಕ್ಕಾಲು ಭಾಗ ನಿಂತಿತು. ಸಂತೆ ದಿನ ಮಾತ್ರ ಕೆಲವರು ಬಂದು ಕಾಗದದ ಬಿಲ್ಲೇ ಬೇಕು ಅನ್ನುತ್ತಾರೆ, ಪ್ರಿಂಟ್ ಹಾಕಿ ಕೊಡುತ್ತೇವೆ.

ಪೇಮೆಂಟನ್ನು ಪೂರ್ತಿ ಮಷೀನಿಗೆ ಬಿಟ್ಟಿಲ್ಲ. 2 ಲಕ್ಷ ಮತ್ತು ಮೇಲ್ಪಟ್ಟದ್ದು ಆರ್‌ಟಿಜಿಎಸ್, ಕೆಳಗಿನದು ನೆಫ್ಟ್ ಅಂತ ಬೇರೆ ಮಾಡಿ ಫೈಲ್ ತಯಾರಿಸುವುದು ಎನ್‌ಏಟ್‌ಎನ್. ಬ್ಯಾಂಕಿಗೆ ಹಾಕಿ ಓಟಿಪಿ ಕೊಡುವುದು ನಾನು.

ನೀವೂ ಸ್ವಂತ ಪಿಸಿಯಲ್ಲಿ ಹಾಕುವುದಾದರೆ ಕೆಲವು ಮಾತು. ಎನ್‌ಏಟ್‌ಎನ್ ತಾನಾಗಿ ನ್ಯೂಯಾರ್ಕ್ ಸಮಯದಲ್ಲಿ ಓಡುತ್ತದೆ. ಮೊದಲ ದಿನವೇ ಟೈಮ್‌ಝೋನನ್ನು ಏಷ್ಯಾ/ಕೋಲ್ಕತಾ ಮಾಡಿ, ಇಲ್ಲದಿದ್ದರೆ ಸಂಜೆಯ ರಿಪೋರ್ಟ್ ಬೆಳಗಿನ ಜಾವ ಬರುತ್ತದೆ. ನಮ್ಮಲ್ಲಿ ಕರೆಂಟ್ ಹೋಗುವುದು ಹೊಸದಲ್ಲ. ಕರೆಂಟ್ ಬಂದ ಕೂಡಲೇ ಪಿಸಿ ತಾನೇ ಆನ್ ಆಗುವಂತೆ ಬಯಾಸ್‌ನಲ್ಲಿ (ವಿಂಡೋಸ್ ಶುರುವಾಗುವ ಮುಂಚಿನ ಸೆಟಪ್ಪಿನಲ್ಲಿ) ಸೆಟ್ಟಿಂಗ್ ಇರುತ್ತದೆ, ಡಾಕರ್‌ಗೂ ತಾನೇ ಏಳುವಂತೆ ಹೇಳಬಹುದು. ಎರಡನ್ನೂ ಮಾಡಿ. ಹೊರಗಿನಿಂದ ಒಳಗೆ ಬರುವ ಬಾಗಿಲು ತೆರೆಯಬೇಡಿ. ನಮ್ಮದು ಆಗಾಗ ತಾನೇ ಹೋಗಿ ಗೂಗಲ್ ಶೀಟ್ ನೋಡಿ ಬರುತ್ತದೆ, ಅಷ್ಟರಿಂದಲೇ ಕೆಲಸ ಸಾಗುತ್ತದೆ. ಬ್ಯಾಕಪ್ ತೆಗೆಯುವಾಗ ಎನ್‌ಕ್ರಿಪ್ಷನ್ ಕೀಯನ್ನೂ ಬೇರೆ ಕಡೆ ಬರೆದಿಡಿ. ಅದು ಕಳೆದರೆ ವರ್ಕ್‌ಫ್ಲೋ, ಅಂದರೆ ಜೋಡಿಸಿಟ್ಟ ಹೆಜ್ಜೆಗಳು, ಉಳಿಯುತ್ತದೆ, ಒಳಗೆ ಇಟ್ಟ ಪಾಸ್‌ವರ್ಡ್‌ಗಳು ಬಿಚ್ಚುವುದಿಲ್ಲ. ನಮ್ಮ ಕೀ ಚಿಕ್ಕಪ್ಪನ ಬೀರುವಿನಲ್ಲಿ, ತೋಟದ ದಾಖಲೆಗಳ ಜೊತೆ ಇದೆ.