ಸೈಡ್‌ವಾಕ್‌ನಲ್ಲಿ ಬಿದ್ದೆ, ಸಿಟಿಗೆ ಕ್ಲೇಮ್ ಹಾಕಿದೆ

"ಅಮೆರಿಕದಲ್ಲಿ ಬೀಳೋದಾದ್ರೆ ಸಿಟಿ ಜಾಗದಲ್ಲೇ ಬೀಳ್ಬೇಕು ಕಣಮ್ಮ, ಲಕ್ಷಗಟ್ಟಲೆ ಬರುತ್ತೆ" ಅಂತ ಪಕ್ಕದ ಮನೆ ಆಂಟಿ ತಮಾಷೆ ಮಾಡಿದರು. ಆಗ ನನ್ನ ಬಲಗೈ ಮಣಿಕಟ್ಟಿಗೆ ಪ್ಲಾಸ್ಟರ್ ಹಾಕಿತ್ತು. ಲಕ್ಷಗಟ್ಟಲೆ ಏನೂ ಬರಲಿಲ್ಲ. ಆಸ್ಪತ್ರೆಗೆ ನಾನು ಕೈಯಿಂದ ಕಟ್ಟಿದ್ದು ಬಂತು, ಅದರ ಮೇಲೆ ಸ್ವಲ್ಪ ಬಂತು, ಅಷ್ಟೇ. ಸಿಟಿಗೆ, ಅಂದರೆ ನಗರಾಡಳಿತಕ್ಕೆ, ಕ್ಲೇಮ್ (ಪರಿಹಾರದ ಅರ್ಜಿ) ಹಾಕಿ ವಕೀಲರಿಲ್ಲದೆ ಅದನ್ನು ಹೇಗೆ ಪಡೆದೆ ಅಂತ ಬರೆಯುತ್ತಿದ್ದೇನೆ. ಇದು ಕ್ಯಾಲಿಫೋರ್ನಿಯಾದ ಮಾತು. ಬೇರೆ ರಾಜ್ಯಗಳಲ್ಲಿ ಗಡುವು ಬೇರೆ ಇರುತ್ತದೆ. ನ್ಯೂಯಾರ್ಕ್ ನಗರದಲ್ಲಿ 90 ದಿನದೊಳಗೆ ನೋಟಿಸ್ ಕೊಡಬೇಕು.

ನಮ್ಮ ಬೀದಿಯ ಎರಡೂ ಕಡೆ ಲಿಕ್ವಿಡ್‌ಆಂಬರ್ ಮರಗಳಿವೆ. ಬೇ ಏರಿಯಾದಲ್ಲಿ (ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತ) ಇರುವವರಿಗೆ ಗೊತ್ತಿರುತ್ತದೆ: ನಕ್ಷತ್ರದ ಆಕಾರದ ಎಲೆ, ಕಾಲಿಗೆ ಸಿಕ್ಕರೆ ಉರುಳುವ ಮುಳ್ಳುಕಾಯಿ. ನವೆಂಬರ್‌ನಲ್ಲಿ ನೋಡಲು ತುಂಬಾ ಚೆಂದ. ಆದರೆ ಬೇರು ಸೈಡ್‌ವಾಕಿನ (ಫುಟ್‌ಪಾತಿನ) ಕಾಂಕ್ರೀಟನ್ನು ಎತ್ತಿಬಿಡುತ್ತದೆ. ಎತ್ತಿದ ಅಂಚಿನ ಮೇಲೆ ಒದ್ದೆ ಎಲೆ ಬಿದ್ದರೆ ಸಂಜೆ ಹೊತ್ತು ಏನೂ ಕಾಣುವುದಿಲ್ಲ. ನಾನು ಎಡವಿದ್ದು ಅಂಥದ್ದಕ್ಕೇ.

ಮರುದಿನ ಬೆಳಿಗ್ಗೆ ನನ್ನ ಗಂಡ ಅಳತೆ ಟೇಪ್ ತಗೊಂಡು ಹೋಗಿ ಫೋಟೋ ತೆಗೆದರು. ಮೊದಲು ಎಲೆ ಇದ್ದ ಹಾಗೇ, ಆಮೇಲೆ ಎಲೆ ಸರಿಸಿ. ಅಂಚು ಒಂದೂಮುಕ್ಕಾಲು ಇಂಚು ಎದ್ದಿತ್ತು. ಈ ಅಳತೆ ಇಲ್ಲದೆ ಕೇಸೇ ಇಲ್ಲ. ಸಣ್ಣಪುಟ್ಟ ಏರುತಗ್ಗಿಗೆ ಸಿಟಿ ಹೊಣೆಯಲ್ಲ ಅಂತ ಕಾನೂನಿನಲ್ಲೇ ಇದೆ. ಇಂಚಿಗಿಂತ ಕಡಿಮೆ ಇದ್ದರೆ ಕೋರ್ಟು ಬಹಳ ಸಲ ತಳ್ಳಿಹಾಕುತ್ತದೆ. ಅದಕ್ಕಿಂತ ಜಾಸ್ತಿ ಇದ್ದಾಗಲೂ ಕತ್ತಲೆ, ಎಲೆ, ಒಡೆದ ಅಂಚು ಎಲ್ಲವನ್ನೂ ಸೇರಿಸಿ ನೋಡುತ್ತಾರೆ. ಫೋಟೋ ಬೇಗ ತೆಗೆಯಲು ಇನ್ನೊಂದು ಕಾರಣವಿದೆ. ದೂರು ಹೋದ ಮೇಲೆ ಸಿಟಿಯವರು ಬಂದು ಅಂಚನ್ನು ಉಜ್ಜಿ ಸಮ ಮಾಡಿಬಿಟ್ಟರೆ ತೋರಿಸಲು ಏನೂ ಉಳಿಯುವುದಿಲ್ಲ.

ಆ ಫೋಟೋದಲ್ಲಿ ಇನ್ನೊಂದು ವಿಷಯ ಸಿಕ್ಕಿತು. ಎಲೆ ಸರಿಸಿದ ಕಡೆ, ಎದ್ದ ಕಲ್ಲಿನ ಮೂಲೆಯಲ್ಲಿ, ಮಾಸಿದ ಬಿಳಿ ಬಣ್ಣದ ಗೆರೆ ಇತ್ತು. ಯಾರೋ ಸ್ಪ್ರೇ ಹೊಡೆದು ಗುರುತು ಮಾಡಿ ಹೋಗಿದ್ದರು. ಗ್ಯಾಸ್, ನೀರಿನ ಪೈಪಿನವರೂ ಅಗೆಯುವ ಮೊದಲು ಹೀಗೇ ಗುರುತು ಹಾಕುತ್ತಾರೆ. ಹಾಗಾಗಿ ಬಣ್ಣ ನೋಡಿದ ಕೂಡಲೇ ಕುಣಿಯುವಂತಿರಲಿಲ್ಲ. ಆದರೂ ನನ್ನ ಕ್ಲೇಮು ನಿಂತದ್ದು ಆ ಗೆರೆಯ ಮೇಲೇ.

ಯಾಕೆ ಅಂದರೆ, ನೀವು ಬಿದ್ದಿರಿ, ಮೂಳೆ ಮುರಿಯಿತು ಅನ್ನುವುದಕ್ಕೆ ಸಿಟಿ ದುಡ್ಡು ಕೊಡುವುದಿಲ್ಲ. ಆ ಜಾಗ ಅಪಾಯದ್ದು ಅಂತ ಸಿಟಿಗೆ ಗೊತ್ತಿತ್ತು, ಅಥವಾ ಗೊತ್ತಿರಬೇಕಾಗಿತ್ತು, ಸರಿ ಮಾಡಲು ಸಮಯವೂ ಇತ್ತು, ಆದರೂ ಮಾಡಲಿಲ್ಲ. ಇದನ್ನು ನೀವು ತೋರಿಸಬೇಕು. ಎಕ್ಸ್‌ರೇ ಎಷ್ಟೇ ಭಯಂಕರವಾಗಿರಲಿ, ಈ ಪ್ರಶ್ನೆಗೆ ಅದು ಉತ್ತರ ಹೇಳುವುದಿಲ್ಲ. ನನಗೆ ಗೊತ್ತಿರುವ ಇಬ್ಬರು ಆಸ್ಪತ್ರೆ ಬಿಲ್ಲನ್ನೇ ದಪ್ಪ ಫೈಲ್ ಮಾಡಿ ಕಳಿಸಿ, ಅಲ್ಲಿಗೇ ಬಿಟ್ಟರು.

ಅದಕ್ಕೇ ಪಬ್ಲಿಕ್ ರೆಕಾರ್ಡ್ಸ್ ಆ್ಯಕ್ಟ್ ಕೆಳಗೆ ಸಿಟಿಗೆ ಒಂದು ಅರ್ಜಿ ಹಾಕಿದೆ. ಭಾರತದ ಮಾಹಿತಿ ಹಕ್ಕಿನ ತರದ್ದೇ ಕಾನೂನು ಇದು. ದಾಖಲೆ ಕೊಡುತ್ತೇವೋ ಇಲ್ಲವೋ ಅಂತ ಸಾಮಾನ್ಯವಾಗಿ 10 ದಿನದಲ್ಲಿ ತಿಳಿಸಬೇಕು. ನಾನು ಕೇಳಿದ್ದು ಇಷ್ಟು: ಈ ಬ್ಲಾಕಿನ ಸೈಡ್‌ವಾಕ್ ಬಗ್ಗೆ ಬಂದ ದೂರುಗಳು, ತಪಾಸಣೆಯ ವರದಿ, ಮರ ಕತ್ತರಿಸಿದ ದಾಖಲೆ, ಹಿಂದೆ ಬಂದ ಕ್ಲೇಮುಗಳು. "ಎಲ್ಲಾ ದಾಖಲೆ ಕೊಡಿ" ಅಂತ ಬರೆದರೆ ತಿಂಗಳುಗಟ್ಟಲೆ ಎಳೆಯುತ್ತಾರೆ. ಬೀದಿ, ಮನೆ ನಂಬರಿನ ಆಸುಪಾಸು, ಯಾವ ವರ್ಷದಿಂದ ಯಾವ ವರ್ಷ ಅಂತ ಹಾಕಿದರೆ ಬೇಗ ಬರುತ್ತದೆ.

ಈ ನಡುವೆ ಸೈಡ್‌ವಾಕ್ ಯಾರ ಹೊಣೆ ಅಂತಲೂ ನೋಡಬೇಕು. ಕ್ಯಾಲಿಫೋರ್ನಿಯಾದಲ್ಲಿ ಅದಕ್ಕೆ ತಾಗಿದ ಮನೆಯ ಮಾಲೀಕರೇ ಸೈಡ್‌ವಾಕ್ ರಿಪೇರಿ ಮಾಡಿಸಬೇಕು. ಹಾಗಂತ ಬಿದ್ದವರಿಗೆ ಅವರೇ ಪರಿಹಾರ ಕೊಡಬೇಕಾಗುವುದು ಊರಿನಲ್ಲಿ ಅದಕ್ಕೆ ಬೇರೆ ಕಾನೂನು ಇದ್ದರೆ ಮಾತ್ರ. ಸ್ಯಾನ್ ಹೋಸೆಯಲ್ಲಿ ಅಂಥ ಕಾನೂನಿದೆ. ನಮ್ಮ ಊರಿನ ಮುನಿಸಿಪಲ್ ಕೋಡ್‌ನಲ್ಲಿ ಇರಲಿಲ್ಲ, ಮರವೂ ಸಿಟಿಯದ್ದೇ ಆಗಿತ್ತು. ಎಲ್ ಕಮಿನೊ ರಿಯಲ್ ತರದ ರಸ್ತೆಯಾದರೆ ಇನ್ನೂ ಹುಷಾರಾಗಿರಿ. ಅದರ ಬಹುಭಾಗ ರಾಜ್ಯ ಹೆದ್ದಾರಿ 82, ಅಂದರೆ ಸಿಟಿಯದ್ದಲ್ಲ, ರಾಜ್ಯದ್ದು. ತಪ್ಪು ಕಚೇರಿಗೆ ಕ್ಲೇಮ್ ಕೊಟ್ಟರೆ ಗಡುವು ಸುಮ್ನೆ ಕಳೆದುಹೋಗುತ್ತದೆ.

ಗಡುವು ಆರು ತಿಂಗಳು. ಬಿದ್ದ ದಿನದಿಂದ ಲೆಕ್ಕ. ತಪ್ಪಿದರೆ ಒಂದು ವರ್ಷದೊಳಗೆ ತಡವಾದದ್ದಕ್ಕೆ ಕಾರಣ ಕೊಟ್ಟು ಅರ್ಜಿ ಹಾಕಬಹುದು, ಆದರೆ ಒಪ್ಪಲೇಬೇಕು ಅಂತಿಲ್ಲ. ಕ್ಲೇಮ್ ಫಾರಂ ಸಿಟಿ ಕ್ಲರ್ಕ್ ಹತ್ತಿರ ಸಿಗುತ್ತದೆ, ಒಂದೆರಡು ಪುಟದ್ದು. ಕೇಳುವ ಮೊತ್ತ 10,000 ಡಾಲರಿನೊಳಗಿದ್ದರೆ ಅಂಕಿ ಬರೆದು ಲೆಕ್ಕ ಕೊಡಬೇಕು. ಅದಕ್ಕಿಂತ ಜಾಸ್ತಿಯಾದರೆ ಅಂಕಿಯನ್ನೇ ಬರೆಯಬಾರದು. ವಿಚಿತ್ರ ಅನ್ನಿಸುತ್ತೆ ಅಲ್ವಾ, ಆದರೆ ನಿಯಮ ಹಾಗೇ ಇದೆ. ನನ್ನದು ಒಳಗೇ ಇತ್ತು: ಡಿಡಕ್ಟಿಬಲ್ (ಇನ್ಶೂರೆನ್ಸ್ ಕೊಡಲು ಶುರು ಮಾಡುವ ಮೊದಲು ನಾವೇ ಕಟ್ಟುವ ದುಡ್ಡು), ಫಿಸಿಯೋಥೆರಪಿಯ ಕೋಪೇ (ಪ್ರತಿ ಭೇಟಿಗೆ ನಾವು ಕೊಡುವ ಪಾಲು), ಕಾರು ಓಡಿಸಲಾಗದೆ ಕೊಟ್ಟ ಟ್ಯಾಕ್ಸಿ ಬಾಡಿಗೆ, ಖರ್ಚಾದ ಸಿಕ್ ಲೀವ್, ನೋವಿಗೆ ಅಂತ ಒಂದು ಮೊತ್ತ. ಕೈಯಲ್ಲೇ ಕೊಟ್ಟು, ನನ್ನ ಪ್ರತಿಯ ಮೇಲೆ ತಾರೀಖಿನ ಸೀಲ್ ಹಾಕಿಸಿಕೊಂಡೆ.

ಸಿಟಿಗೆ 45 ದಿನ ಸಮಯವಿರುತ್ತದೆ. ನನಗೆ ಬಂದದ್ದು ತಿರಸ್ಕರಿಸಿದ ಪತ್ರ, ಕಾರಣವಿಲ್ಲದ ನಾಲ್ಕು ಸಾಲು. ಇದಕ್ಕೆ ಎದೆಗುಂದಬೇಡಿ. ಹೆಚ್ಚಿನವರಿಗೆ ಇದೇ ಬರುತ್ತದೆ. ಕೋರ್ಟಿನ ಬಾಗಿಲು ತೆರೆಯುವುದೂ ಈ ಪತ್ರವೇ, ಅದನ್ನು ಕೈಗೆ ಕೊಟ್ಟ ಅಥವಾ ಅಂಚೆಗೆ ಹಾಕಿದ ದಿನದಿಂದ ದಾವೆ ಹೂಡಲು ಆರು ತಿಂಗಳಿರುತ್ತದೆ.

ಅಷ್ಟರಲ್ಲಿ ದಾಖಲೆಗಳೂ ಬಂದವು. ನಾನು ಬೀಳುವುದಕ್ಕೆ ವರ್ಷಕ್ಕೂ ಮೊದಲು ಯಾರೋ ಅದೇ ಕಲ್ಲಿನ ಬಗ್ಗೆ ದೂರು ಕೊಟ್ಟಿದ್ದರು. ಸಿಟಿಯ ಇನ್‌ಸ್ಪೆಕ್ಟರ್ ಬಂದು ನೋಡಿ, ಗುರುತು ಹಾಕಿ, "ಉಜ್ಜಬೇಕು" ಅಂತ ಬರೆದಿದ್ದರು. ಕೆಲಸ ಮುಗಿದ ತಾರೀಖಿನ ಜಾಗ ಖಾಲಿ ಇತ್ತು. ದೂರು ಕೊಟ್ಟ ಆ ಪುಣ್ಯಾತ್ಮ ಯಾರೋ, ಹೆಸರು ಅಳಿಸಿ ಕೊಟ್ಟಿದ್ದರು.

ಸಣ್ಣ ಮೊತ್ತದ ದಾವೆಗಳಿಗಿರುವ ಸ್ಮಾಲ್ ಕ್ಲೇಮ್ಸ್ ಕೋರ್ಟಿನಲ್ಲಿ ದಾವೆ ಹಾಕಿದೆ. 2024ರಿಂದ ಅಲ್ಲಿ ಒಬ್ಬ ವ್ಯಕ್ತಿ 12,500 ಡಾಲರ್ ತನಕ ಕೇಳಬಹುದು. ಶುಲ್ಕ ಹೆಚ್ಚೆಂದರೆ 75 ಡಾಲರ್. ವಕೀಲರು ವಾದ ಮಾಡುವಂತಿಲ್ಲ, ಸಿಟಿ ಕಡೆಯವರಿಗೂ ಅಷ್ಟೇ. ಆದರೆ ಒಂದು ಪೇಚಿದೆ. ದಾವೆ ಹಾಕಿದವರು ಸೋತರೆ ಮೇಲ್ಮನವಿ ಇಲ್ಲ, ಸಿಟಿ ಸೋತರೆ ಇದೆ. ದೊಡ್ಡ ಆಪರೇಷನ್, ಪ್ಲೇಟು ಸ್ಕ್ರೂ ಅಂತ ಆಗಿದ್ದರೆ ನಾನು ಈ ದಾರಿ ಹಿಡಿಯುತ್ತಿರಲಿಲ್ಲ, ವಕೀಲರ ಹತ್ತಿರವೇ ಹೋಗುತ್ತಿದ್ದೆ.

ವಿಚಾರಣೆಗೆ ಮೊದಲೇ ಸಿಟಿ ಪರವಾಗಿ ಕ್ಲೇಮುಗಳನ್ನು ನೋಡಿಕೊಳ್ಳುವ ಕ್ಲೇಮ್ಸ್ ಅಡ್ಜಸ್ಟರ್ ಫೋನ್ ಮಾಡಿದರು. ಇನ್‌ಸ್ಪೆಕ್ಟರ್ ವರದಿಯನ್ನು ನಾನು ಆಗಲೇ ಕಳಿಸಿದ್ದೆ. "ನೀವೂ ನೋಡಿಕೊಂಡು ನಡೀಬೇಕಿತ್ತಲ್ಲ" ಅಂತ ಶುರು ಮಾಡಿದರು. ಅದು ಸುಳ್ಳಲ್ಲ, ಇಲ್ಲಿ ನಿಮ್ಮ ಪಾಲಿನ ಅಜಾಗರೂಕತೆ ಎಷ್ಟೋ ಅಷ್ಟು ಪರಿಹಾರ ಕಡಿತವಾಗುತ್ತದೆ. ನಾನು ಎಲೆ ಮುಚ್ಚಿದ್ದ ಫೋಟೋ ನೋಡಲು ಹೇಳಿದೆ. ಕೇಳಿದ್ದರಲ್ಲಿ ಮುಕ್ಕಾಲು ಪಾಲಿಗೆ ಒಪ್ಪಂದವಾಯಿತು.

ಚೆಕ್ ಬಂದರೂ ಪೂರ್ತಿ ನಿಮ್ಮದಲ್ಲ. ಇನ್ಶೂರೆನ್ಸ್‌ನವರು "ಇದು ಅಪಘಾತವೇ?" ಅಂತ ಒಂದು ಪ್ರಶ್ನಾವಳಿ ಕಳಿಸಿರುತ್ತಾರೆ. ಪರಿಹಾರ ಬಂದರೆ ತಾವು ಕಟ್ಟಿದ್ದನ್ನು ಅವರು ವಾಪಸ್ ಕೇಳಬಹುದು. ಸಹಿ ಹಾಕುವ ಮೊದಲೇ ನಾನು ಅವರ ಪಾಲೆಷ್ಟು ಅಂತ ಬರವಣಿಗೆಯಲ್ಲಿ ತರಿಸಿಕೊಂಡೆ. ಕೇಳಿದ ಮೇಲೆ ಸ್ವಲ್ಪ ಇಳಿಸಿದರು.

ಊರಿಂದ ಬಂದ ಅಪ್ಪ ಅಮ್ಮ ಬಿದ್ದರೂ ಇದೇ ನಿಯಮ, ಅದೇ ಆರು ತಿಂಗಳು. ಕ್ಲೇಮನ್ನು ಅವರ ಪರವಾಗಿ ನೀವು ಕೊಡಬಹುದು. ಕೋರ್ಟಿಗೆ ಹೋಗುವ ಮಾತು ಬಂದರೆ ಮಾತ್ರ ಅವರು ಇಲ್ಲಿಲ್ಲದಿರುವುದು ತೊಡಕಾಗುತ್ತದೆ. ಆದ್ದರಿಂದ ವಿಮಾನ ಹತ್ತಿಸುವ ಮೊದಲೇ ಆಸ್ಪತ್ರೆಯ ದಾಖಲೆ ಮತ್ತು ಹೇಗೆ ಬಿದ್ದರು ಅನ್ನುವ ಅವರ ಸಹಿ ಇರುವ ಹೇಳಿಕೆಯನ್ನು ತೆಗೆದಿಟ್ಟುಕೊಳ್ಳಿ. ಹೇಳಿಕೆಯನ್ನು ಅವರು ಕನ್ನಡದಲ್ಲೇ ಬರೆಯಲಿ, ಇಂಗ್ಲಿಷ್ ಅನುವಾದ ಜೊತೆಗೆ ಲಗತ್ತಿಸಿ.