ಮಾಡು ಸೋರಿ ಸಾಮಾನು ಹಾಳಾದರೆ ಓನರ್ ಹತ್ತಿರ ಕೇಳುವುದು ಹೇಗೆ

ಹೋದ ಆಟಿಯಲ್ಲಿ (ಜುಲೈ-ಆಗಸ್ಟಿನ ಮಳೆಗಾಲದಲ್ಲಿ) ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ನಮ್ಮ ಬಾಡಿಗೆ ಕ್ವಾರ್ಟರ್ಸಿನ ತಾರಸಿ ಸೋರಿ ಬಟ್ಟೆಯ ಕಪಾಟು, ಹಾಸಿಗೆ, ಮಗಳ ಶಾಲೆ ಪುಸ್ತಕ ಎಲ್ಲ ಚಂಡಿಯಾದವು. ಜೂನಿನಲ್ಲೇ ಓನರಿಗೆ ಎರಡು ಸಲ ಬಾಯಲ್ಲಿ ಹೇಳಿದ್ದೆ. ನಷ್ಟ ಕೇಳಲು ಹೋದರೆ "ನನಗೆ ಯಾರೂ ಹೇಳಿಲ್ವಲ್ಲ" ಅಂದರು. ನನ್ನ ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ. ನಿಮಗೆ ಹಾಗಾಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಮನೆ ಅವರದ್ದು ಅಂದ ಮಾತ್ರಕ್ಕೆ ಒಳಗಿರುವ ನಿಮ್ಮ ಸಾಮಾನಿನ ಎಲ್ಲ ನಷ್ಟಕ್ಕೂ ಅವರು ಹೊಣೆಯಲ್ಲ. ಸಿಡಿಲಿಗೆ ಟಿವಿ ಸುಟ್ಟರೆ, ತೋಡು ಉಕ್ಕಿ ನೀರು ಒಳಗೆ ಬಂದರೆ ಅವರನ್ನು ಕೇಳಿ ಪ್ರಯೋಜನ ಕಡಿಮೆ. ಆದರೆ ದೋಷ ಅವರಿಗೆ ಗೊತ್ತಿತ್ತು, ಸರಿ ಮಾಡಿಸಬೇಕಾದವರು ಅವರೇ, ಸಮಯ ಇದ್ದರೂ ಮಾಡಿಸಲಿಲ್ಲ, ಅದರಿಂದಲೇ ಸಾಮಾನು ಹಾಳಾಯಿತು ಅಂತ ತೋರಿಸಲು ಆದರೆ ನಿಮ್ಮ ಮಾತಿಗೆ ಬಲ ಬರುತ್ತದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮಿನ ಪ್ರಕಾರ, ಕಣ್ಣಿಗೆ ಕಾಣದ ದೊಡ್ಡ ದೋಷ ಗೊತ್ತಿದ್ದರೆ ಓನರ್ ಅದನ್ನು ಮೊದಲೇ ಹೇಳಬೇಕು. ಸೋರಿದ ಕಲೆಗೆ ಬಣ್ಣ ಬಳಿದು ಬಾಡಿಗೆಗೆ ಕೊಟ್ಟಿದ್ದರೆ ಇದು ನೆನಪಿರಲಿ. ಎಗ್ರಿಮೆಂಟಿನಲ್ಲಿ ಬೇರೆ ಷರತ್ತು ಇದ್ದರೆ ಲೆಕ್ಕ ಬದಲಾಗುತ್ತದೆ, ಹಾಗಾಗಿ ರಿಪೇರಿ ಯಾರದ್ದು ಅಂತ ಬರೆದಿದೆಯೋ ನೋಡಿ. ಎಗ್ರಿಮೆಂಟು ಮಲಯಾಳದಲ್ಲಿದ್ದು ಓದಲು ಬಾರದಿದ್ದರೆ ಬಲ್ಲವರಿಂದ ಓದಿಸಿಕೊಂಡೇ ಸಹಿ ಹಾಕಿ.

ಒಂದು ಹನಿ ಬಿದ್ದರೂ ಅದೇ ದಿನ ಫೋಟೋ ತೆಗೆದು ಓನರಿಗೆ ವಾಟ್ಸಾಪ್ ಮಾಡಿ. ಅವರಿಗೆ ಕನ್ನಡ ಓದಲು ಬಾರದಿದ್ದರೆ ಮಲಯಾಳದಲ್ಲೇ ಬರೆಸಿ. ಫೋನಿನಲ್ಲಿ ಮಾತಾಡಿದ್ದರೂ "ಇವತ್ತು ನಾವು ಮಾತಾಡಿದ ಹಾಗೆ" ಅಂತ ಶುರು ಮಾಡಿ ಒಂದು ಮೆಸೇಜು ಹಾಕಿ. ಉತ್ತರ ಬರದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಪತ್ರ ಕಳಿಸಿ ರಶೀದಿ ಇಟ್ಟುಕೊಳ್ಳಿ. ಹೇಳಿ ಆದ ಮೇಲೆ ಸುಮ್ನೆ ಕೂರಬೇಡಿ. ಕಪಾಟು ಸರಿಸಿ, ಬಾಲ್ದಿ ಇಡಿ, ಪ್ಲಾಸ್ಟಿಕ್ ಹೊದೆಸಿ, ಇಲ್ಲದಿದ್ದರೆ ನೀವೇ ಹಾಳಾಗಲು ಬಿಟ್ಟಿರಿ ಅನ್ನುತ್ತಾರೆ.

ಹಾಳಾದ ಮೇಲೆ ಏನನ್ನೂ ಬಿಸಾಡುವ ಮೊದಲು ವಿಡಿಯೋ ಮಾಡಿ. ಒಂದೊಂದು ಸಾಮಾನೂ ಯಾವಾಗ ತಂದದ್ದು, ಎಷ್ಟಾಯಿತು ಅಂತ ಪಟ್ಟಿ ಬರೆದು ಬಿಲ್ಲು ಜೋಡಿಸಿ. ಐದು ವರ್ಷ ಮಲಗಿದ ಹಾಸಿಗೆಗೆ ಹೊಸದರ ಬೆಲೆ ಕೇಳಬೇಡಿ. ನ್ಯಾಯದ ಮೊತ್ತ ಕೇಳಿದರೆ ಮಾತುಕತೆಯಲ್ಲೇ ಮುಗಿಯುವ ಸಾಧ್ಯತೆ ಜಾಸ್ತಿ.

ಸಿಟ್ಟಿನಲ್ಲಿ ಬಾಡಿಗೆ ಮಾತ್ರ ನಿಲ್ಲಿಸಬೇಡಿ. ಕೇರಳದ 1965ರ ಬಾಡಿಗೆ ನಿಯಂತ್ರಣ ಕಾಯ್ದೆಯಲ್ಲಿ ಬಾಡಿಗೆ ಬಾಕಿಯೇ ಮನೆ ಖಾಲಿ ಮಾಡಿಸಲು ಒಂದು ಕಾರಣ. ನ್ಯಾಯ ನಿಮ್ಮ ಕಡೆ ಇದ್ದೂ ಮಳೆಗಾಲದಲ್ಲಿ ಮಕ್ಕಳನ್ನು ಕಟ್ಟಿಕೊಂಡು ಮನೆ ಹುಡುಕುವ ಹಾಗಾದರೆ ಯಾರಿಗೆ ಲಾಭ ಹೇಳಿ?

ಓನರ್ ಒಪ್ಪದೇ ಇದ್ದರೆ 15100ಕ್ಕೆ ಫೋನ್ ಮಾಡಿ ಕಾನೂನು ಸೇವೆಯವರ ಸಲಹೆ ಕೇಳಿ. ಕೇಸು ಹಾಕುವ ಮೊದಲೇ ಇಬ್ಬರನ್ನೂ ಕರೆಸಿ ಲೋಕ ಅದಾಲತಿನಲ್ಲಿ ರಾಜಿ ಮಾಡಿಸಬಹುದು, ಅಲ್ಲಿ ಆದ ತೀರ್ಮಾನಕ್ಕೆ ಕೋರ್ಟಿನ ಡಿಕ್ರಿಯಷ್ಟೇ (ತೀರ್ಪಿನ ಆದೇಶದಷ್ಟೇ) ಬೆಲೆ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಉಚಿತ ವಕೀಲರ ನೆರವು ಕೇಳುವ ಹಕ್ಕಿದೆ. ಕೋರ್ಟಿಗೆ ಹೋಗುವುದಾದರೆ ಇಂಥ ನಷ್ಟಕ್ಕೆ ಸಾಮಾನ್ಯವಾಗಿ 3 ವರ್ಷದ ಗಡುವು. ಅಲ್ಲಿಯವರೆಗೆ ಫೋನ್ ಬದಲಿಸಿದರೂ ಆ ಫೋಟೋ, ಆ ಮೆಸೇಜು ಅಳಿಸಬೇಡಿ.