ತಾಳಮದ್ದಳೆಯ ಧ್ವನಿಮುದ್ರಣ ಎಲ್ಲಿರಬೇಕು: ಡೇಟಾಬೇಸಿನಲ್ಲೋ, ಡಿಸ್ಕಿನಲ್ಲೋ?

ಶಿರಸಿ, ಸಿದ್ದಾಪುರ, ಹೊನ್ನಾವರದ ಕಡೆಯ ಅನೇಕ ಮನೆಗಳಲ್ಲಿ ತಾಳಮದ್ದಳೆಯ ಹಳೆಯ ಕ್ಯಾಸೆಟ್‌ಗಳಿವೆ. ಅವನ್ನು ಕಂಪ್ಯೂಟರಿಗೆ ಇಳಿಸಿ, ಪ್ರಸಂಗ, ಭಾಗವತರು, ಅರ್ಥಧಾರಿಗಳು, ಊರು, ದಿನಾಂಕ ಇವುಗಳಿಂದ ಹುಡುಕುವಂತೆ ಮಾಡಹೊರಟವರಿಗೆ ಧ್ವನಿಯ ಫೈಲನ್ನೂ ಡೇಟಾಬೇಸಿನೊಳಗೇ ಹಾಕಬೇಕೇ ಎಂಬ ಪ್ರಶ್ನೆ ಬೇಗನೆ ಎದುರಾಗುತ್ತದೆ. ವಿವರಗಳನ್ನು ಡೇಟಾಬೇಸಿನಲ್ಲಿಟ್ಟು ದೊಡ್ಡ ಫೈಲನ್ನು ಹೊರಗಿಡುವುದೇ ಸರಿಯೆಂದು ನನ್ನ ಅಭಿಪ್ರಾಯ.

ಸಿ.ಡಿ. ಗುಣಮಟ್ಟದ, ಸಂಕುಚಿಸದ ಧ್ವನಿ ಗಂಟೆಗೆ ಸುಮಾರು 635 ಎಂ.ಬಿ. ಆಗುತ್ತದೆ, ನಾಲ್ಕು ಗಂಟೆಯ ಕೂಟವೆಂದರೆ ಎರಡೂವರೆ ಜಿ.ಬಿ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ತಂತ್ರಾಂಶದಲ್ಲಿ ಫೈಲನ್ನು ಹಾಗೆಯೇ ಇಡಬಲ್ಲ ಬೈಟ್‌ಎ ಬಗೆಯ ಕಾಲಂನಲ್ಲಿ ಒಂದು ಫೈಲು 1 ಜಿ.ಬಿ. ಮೀರುವಂತಿಲ್ಲ. ಇನ್ನೊಂದು ಡೇಟಾಬೇಸ್ ತಂತ್ರಾಂಶವಾದ ಮೈಎಸ್‌ಕ್ಯೂಎಲ್‌ನ ಅಂಥದೇ ಬಗೆ ಲಾಂಗ್‌ಬ್ಲಾಬ್ 4 ಜಿ.ಬಿ. ಹಿಡಿಯುತ್ತದಾದರೂ, ಒಂದು ಪ್ಯಾಕೆಟ್ಟಿನ (ಒಮ್ಮೆಗೆ ಕಳಿಸುವ ಡೇಟಾದ) ಮಿತಿಯನ್ನು 1 ಜಿ.ಬಿ.ಗಿಂತ ಹೆಚ್ಚಿಸಲಾಗದು. ದೊಡ್ಡ ಡೇಟಾವನ್ನು ನಿಮ್ಮ ಟೇಬಲ್ಲಿನಿಂದ ಬೇರೆಯಾಗಿಡುವ ಪೋಸ್ಟ್‌ಗ್ರೆಸ್‌ನ ಲಾರ್ಜ್ ಆಬ್ಜೆಕ್ಟ್ 4 ಟಿ.ಬಿ.ವರೆಗೆ ಹೋಗುತ್ತದೆ, ಆದರೆ ಅದನ್ನು ಸೂಚಿಸುವ ಟೇಬಲ್ಲಿನ ಸಾಲನ್ನು ಅಳಿಸಿದರೆ ಅದು ತಾನಾಗಿ ಅಳಿಯುವುದಿಲ್ಲ. ಬ್ಯಾಕಪ್ಪೂ ಅಷ್ಟೇ ಭಾರವಾಗುತ್ತದೆ.

ಚಿಕ್ಕ ಫೈಲುಗಳ ಮಾತು ಬೇರೆ. ಮೈಕ್ರೋಸಾಫ್ಟ್ ಸಂಶೋಧಕರು 2006ರಲ್ಲಿ ತಮ್ಮ ಕಂಪನಿಯ ಡೇಟಾಬೇಸಾದ ಎಸ್‌ಕ್ಯೂಎಲ್ ಸರ್ವರ್ ಮೇಲೆ ನಡೆಸಿದ ಪರೀಕ್ಷೆಯಲ್ಲಿ 256 ಕೆ.ಬಿ.ಗಿಂತ ಚಿಕ್ಕವಕ್ಕೆ ಡೇಟಾಬೇಸ್, 1 ಎಂ.ಬಿ.ಗಿಂತ ದೊಡ್ಡವಕ್ಕೆ ಫೈಲ್ ವ್ಯವಸ್ಥೆ ಮೇಲೆಂದು ಕಂಡಿತು. ಯಂತ್ರಗಳು ಬದಲಾಗಿದ್ದರೂ ಅಂದಾಜಿಗೆ ಅದು ಸಾಕು. ಕೂಟದ ಕರಪತ್ರದ ಚಿತ್ರವನ್ನು ಬೈಟ್‌ಎ ಕಾಲಂನಲ್ಲಿಡಬಹುದು. ಜೆಪೆಗ್ ಮೊದಲೇ ಸಂಕುಚಿತವಾಗಿರುವುದರಿಂದ ಆ ಕಾಲಂನ ಸ್ಟೋರೇಜನ್ನು ಎಕ್ಸ್‌ಟರ್ನಲ್ (ಮತ್ತೆ ಸಂಕುಚಿಸದೆ ಇಡುವ ಬಗೆ) ಎಂದು ಬದಲಿಸಿ. ಇಲ್ಲವಾದರೆ ಒಣಗಿದ ಚಾಲಿ ಅಡಿಕೆಯನ್ನು ಮತ್ತೆ ಅಂಗಳದಲ್ಲಿ ಹರಡಿದಂತೆ, ಪ್ರೊಸೆಸರಿಗೆ ದುಡಿಮೆ ಮಾತ್ರ.

ಹೊರಗಿಡುವ ಫೈಲಿಗೆ ಅದರ ಶಾ-256 ಹ್ಯಾಶನ್ನೇ, ಅಂದರೆ ಫೈಲಿನ ಒಳಗಿನ ಡೇಟಾದಿಂದ ಲೆಕ್ಕಹಾಕಿದ ಬೆರಳಚ್ಚಿನಂಥ ಗುರುತನ್ನೇ, ಹೆಸರಾಗಿಡಿ. 64 ಅಕ್ಷರಗಳ ಆ ಹೆಸರಿನ ಮೊದಲ ಎರಡರಿಂದ ಉಪಫೋಲ್ಡರ್ ಮಾಡಿದರೆ ಒಂದೇ ಫೋಲ್ಡರಿನಲ್ಲಿ ಸಾವಿರಾರು ಫೈಲುಗಳು ತುಂಬುವುದಿಲ್ಲ. ಟೇಬಲ್ಲಿನಲ್ಲಿ ಹ್ಯಾಶ್, ಗಾತ್ರ, ಬಗೆ, ಮೂಲ ಹೆಸರು ಇರಲಿ. ಹ್ಯಾಶ್ ಕಾಲಂ ಯೂನಿಕ್ ಆಗಿರಲಿ, ಅಂದರೆ ಒಂದೇ ಹ್ಯಾಶ್ ಎರಡು ಸಾಲುಗಳಲ್ಲಿ ಬರದಿರಲಿ. ಒಂದೇ ಫೈಲನ್ನು ಇಬ್ಬರು ಪೆನ್‌ಡ್ರೈವಿನಲ್ಲಿ ತಂದುಕೊಟ್ಟರೂ ಅದು ಒಮ್ಮೆ ಮಾತ್ರ ಉಳಿಯುತ್ತದೆ. ಒಂದೇ ಕ್ಯಾಸೆಟ್ಟನ್ನು ಎರಡು ಸಲ ಇಳಿಸಿದ್ದರೆ ಮಾತ್ರ ಹ್ಯಾಶ್ ಬೇರೆಯಾಗುತ್ತದೆ. ಅದನ್ನು ಕಿವಿಯಿಂದಲೇ ಪತ್ತೆಹಚ್ಚಬೇಕು.

ಮುಖ್ಯವಾದದ್ದು ಬರೆಯುವ ಕ್ರಮ. ಮಳೆಗಾಲದಲ್ಲಿ ಘಟ್ಟದ ಮೇಲೆ ಕರೆಂಟು ಯಾವ ಗಳಿಗೆಯಲ್ಲಾದರೂ ಹೋಗಬಹುದಾದ್ದರಿಂದ, ಫೈಲನ್ನು ಅದೇ ಡಿಸ್ಕಿನಲ್ಲಿ ತಾತ್ಕಾಲಿಕ ಹೆಸರಿನಿಂದ ಬರೆದು, ಎಫ್‌ಸಿಂಕ್ (ಮೆಮೊರಿಯಲ್ಲಿರುವುದನ್ನು ಡಿಸ್ಕಿಗೆ ಬರೆಯಿಸುವ ಆದೇಶ) ಮಾಡಿ ಡಿಸ್ಕಿಗೆ ಇಳಿದಿದೆಯೆಂದು ಖಚಿತಪಡಿಸಿಕೊಂಡು, ನಿಜವಾದ ಹೆಸರಿಗೆ ಬದಲಿಸಿ, ಫೋಲ್ಡರಿಗೂ ಎಫ್‌ಸಿಂಕ್ ಮಾಡಿದ ಮೇಲಷ್ಟೇ ಟೇಬಲ್ಲಿಗೆ ಸಾಲು ಸೇರಿಸಬೇಕು. ನಡುವೆ ಕರೆಂಟು ಹೋದರೆ ಸಾಲಿಲ್ಲದ ಫೈಲೊಂದು ಉಳಿಯುತ್ತದೆ, ಅದು ನಿರುಪದ್ರವಿ. ಕ್ರಮ ತಿರುಗಿದರೆ, ಹುಡುಕಿದಾಗ ಪಟ್ಟಿಯಲ್ಲಿ ಕಾಣುವ ಪ್ರಸಂಗಕ್ಕೆ ಧ್ವನಿಯೇ ಇರುವುದಿಲ್ಲ. ಅಳಿಸುವಾಗ ಇದು ತಲೆಕೆಳಗು: ಮೊದಲು ಸಾಲು, ಆಮೇಲೆ ಫೈಲು.

ಬ್ಯಾಕಪ್ಪಿಗೂ ಇದೇ ತರ್ಕ. ಡೇಟಾಬೇಸಿನ ಡಂಪ್ (ಇಡೀ ಡೇಟಾಬೇಸನ್ನು ಹೊರತೆಗೆದ ಪ್ರತಿ) ಮೊದಲು, ಫೈಲುಗಳ ನಕಲು ನಂತರ. ಆ ಹೊತ್ತಿನಲ್ಲಿ ಏನನ್ನೂ ಅಳಿಸದಿದ್ದರೆ ಡಂಪಿನ ಪ್ರತಿ ಸಾಲಿಗೂ ಫೈಲು ಸಿಗುತ್ತದೆ. ನಕಲು ಮುಗಿದ ಮೇಲೆ ಅದರಲ್ಲಿನ ಫೈಲುಗಳ ಹ್ಯಾಶನ್ನು ಮತ್ತೆ ಲೆಕ್ಕಹಾಕಿ ಹೆಸರಿನೊಂದಿಗೆ ಹೋಲಿಸಿ. ಹೊಂದದಿದ್ದುದನ್ನು ಮೂಲ ಡಿಸ್ಕಿನಿಂದ ಕೂಡಲೇ ಮರುನಕಲು ಮಾಡಿ.